ಶಬ್ದಪ್ರಾಬಲ್ಯದ ಪೈಪೋಟಿ: ಧ್ವನಿಮುದ್ರಣದ ಇತಿಹಾಸದಲ್ಲೊಂದು ಅಧ್ಯಾಯ

೧

ಇತಿಹಾಸದ ಆಕರಗಳೆಂದರೆ ಶಾಸನ, ನಾಣ್ಯ, ಕಡತ, ಪ್ರವಾಸಕಥನಗಳೆಂದೇ ನಮ್ಮಲ್ಲಿ ರೂಢಿಯಾಗಿ ಬಂದಿದೆ. ಆದರೆ ಇಪ್ಪತ್ತನೆಯ ಶತಮಾನವನ್ನು ಕುರಿತು ಬರೆಯಹೊರಟವನಿಗೆ ಧ್ವನಿಮುದ್ರಿಕೆಯೂ ಒಂದು ಆಕರವೇ ಸರಿ. ಶಾಸನವನ್ನು ಪ್ರತಿಮಾಡುವವನು ಅಕ್ಷರಗಳನ್ನು ತಿದ್ದಿದರೆ ಹೇಗೆ ಪಾಠಾಂತರ ಹುಟ್ಟುವುದೋ, ಹಾಗೆಯೇ ಮೂಲ ಧ್ವನಿಮುದ್ರಣವನ್ನು ಮಾರಾಟಕ್ಕೆ ಅಣಿಗೊಳಿಸುವವನು ಧ್ವನಿಯ ಮಟ್ಟವನ್ನು ತಿದ್ದಿದರೆ ಅಲ್ಲಿಯೂ ಪಾಠಾಂತರ ಹುಟ್ಟುತ್ತದೆ. ೧೯೯೦ರ ದಶಕದಿಂದ ಮೊದಲ್ಗೊಂಡು ಸುಮಾರು ಎರಡು ದಶಕಗಳ ಕಾಲ ಅಮೆರಿಕ, ಇಂಗ್ಲೆಂಡುಗಳ ಜನಪ್ರಿಯ ಸಂಗೀತದಲ್ಲಿ ಇಂತಹ ತಿದ್ದುಪಡಿ ಮಿತಿಮೀರಿ ನಡೆಯಿತು. ಒಂದು ಆಲ್ಬಮ್ ಇನ್ನೊಂದಕ್ಕಿಂತ ಗಟ್ಟಿಯಾಗಿ ಕೇಳಿಸಬೇಕೆಂಬ ಈ ಪೈಪೋಟಿಗೆ 'ಲೌಡ್‌ನೆಸ್ ವಾರ್', ಎಂದರೆ ಶಬ್ದಪ್ರಾಬಲ್ಯದ ಯುದ್ಧ, ಎಂಬ ಹೆಸರು ಬಂದಿತು. ಇದು ಏತಕ್ಕೆ ಹುಟ್ಟಿತು, ಹೇಗೆ ಬೆಳೆದು ಹೇಗೆ ತಗ್ಗಿತು, ಇದರಿಂದ ಇತಿಹಾಸಾಭ್ಯಾಸಿಯು ಅರಿಯತಕ್ಕದ್ದೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಕೆಲವು ಮಾತುಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯಕ. ಹಾಡುಗಳ ಮುದ್ರಣ, ಮಿಶ್ರಣಗಳು ಮುಗಿದ ಮೇಲೆ ಅವನ್ನು ಮಾರಾಟದ ಪ್ರತಿಗಳಿಗೆ ತಕ್ಕಂತೆ ಸಿದ್ಧಗೊಳಿಸುವ ಕೊನೆಯ ಹಂತಕ್ಕೆ ಮಾಸ್ಟರಿಂಗ್ ಎಂದು ಹೆಸರು. ಈ ಹಂತದಲ್ಲಿ ಬಳಸುವ ಕಂಪ್ರೆಸರ್ ಎಂಬ ಸಾಧನವು ಗಟ್ಟಿಯಾದ ಭಾಗಗಳನ್ನು ತಗ್ಗಿಸಿ, ಮೆಲುದನಿಗೂ ಗಟ್ಟಿದನಿಗೂ ಇರುವ ಅಂತರವನ್ನು ಕುಗ್ಗಿಸುತ್ತದೆ. ಲಿಮಿಟರ್ ಎಂಬುದು ಇದರದೇ ತೀವ್ರರೂಪ. ಗೊತ್ತುಮಾಡಿದ ಮಟ್ಟವನ್ನು ಯಾವ ಧ್ವನಿಯೂ ಮೀರದಂತೆ ಅದು ತಡೆಯುತ್ತದೆ. ಹೀಗೆ ತುದಿಗಳನ್ನು ತಗ್ಗಿಸಿದ ಮೇಲೆ ಒಟ್ಟು ಧ್ವನಿಯನ್ನು ಮೇಲೆತ್ತಲು ಎಡೆ ದೊರೆಯುತ್ತದೆ. ಹಾಡು ಆಗ ಹಿಂದಿಗಿಂತ ಗಟ್ಟಿಯಾಗಿ ಕೇಳಿಸುವುದು ನಿಜ. ಆದರೆ ಡ್ರಮ್ಮಿನ ಪೆಟ್ಟು ಮೊನಚನ್ನು ಕಳೆದುಕೊಳ್ಳುತ್ತದೆ, ಮೆಲ್ಲನೆಯ ಪಲ್ಲವಿಗೂ ಅಬ್ಬರದ ಮುಕ್ತಾಯಕ್ಕೂ ಭೇದ ಉಳಿಯುವುದಿಲ್ಲ. ಈ ಕ್ರಮವನ್ನು ಇನ್ನೂ ಮುಂದಕ್ಕೆ ಒಯ್ದರೆ ಅಲೆಯ ತುದಿಯೇ ಕತ್ತರಿಸಿಹೋಗಿ ಧ್ವನಿ ಒಡೆದು ಕರಕರನೆ ಕೇಳಿಸುತ್ತದೆ.

೨

ಗಟ್ಟಿಯಾಗಿ ಕೇಳಿಸಬೇಕೆಂಬ ಆಸೆ ಹೊಸದಲ್ಲ. ಧ್ವನಿಮುದ್ರಣದ ಮೊದಲ ಐವತ್ತು ವರ್ಷಗಳಲ್ಲಿ ಅದು ಆಸೆಯಾಗಿರಲಿಲ್ಲ, ಅನಿವಾರ್ಯವಾಗಿದ್ದಿತು. ಎಡಿಸನ್ನನು ೧೮೭೭ರಲ್ಲಿ ಫೋನೋಗ್ರಾಫನ್ನು ನಿರ್ಮಿಸಿದಂದಿನಿಂದ ೧೯೨೫ರಲ್ಲಿ ವಿದ್ಯುತ್ ಧ್ವನಿಮುದ್ರಣವು ವ್ಯಾಪಾರಕ್ಕೆ ಬರುವವರೆಗೂ ಗಾಯಕರು ತಗಡಿನ ಕಹಳೆಯೊಂದರ ಮುಂದೆ ನಿಂತು ಗಂಟಲೆತ್ತಿ ಹಾಡಬೇಕಾಗಿದ್ದಿತು. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗನು ಮುದ್ರಿಸಿಕೊಂಡ ಗೌಹರ್ ಜಾನಳ ಗಾಯನಕ್ಕೂ ಇದೇ ನಿರ್ಬಂಧ. ಮುಂದೆ ಮೈಸೂರಿನ ಆಸ್ಥಾನದ ಆಶ್ರಯ ಪಡೆದು ೧೯೩೦ರಲ್ಲಿ ಆ ಊರಿನಲ್ಲಿಯೇ ತೀರಿಕೊಂಡ ಈ ಗಾಯಕಿಯ ಹಳೆಯ ಮುದ್ರಿಕೆಗಳಲ್ಲಿ ನಾವು ಕೇಳುವುದು ಆಕೆಯ ಕಂಠವನ್ನು ಮಾತ್ರವಲ್ಲ, ಕಹಳೆಯ ಬೇಡಿಕೆಯನ್ನು ಕೂಡ.

೧೯೪೮ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ದೀರ್ಘಕಾಲದ ತಟ್ಟೆಯನ್ನೂ, ೧೯೪೯ರಲ್ಲಿ ಆರ್‌ಸಿಎ ವಿಕ್ಟರ್ ಸಂಸ್ಥೆ ನಿಮಿಷಕ್ಕೆ ೪೫ ಸುತ್ತಿನ ಚಿಕ್ಕ ತಟ್ಟೆಯನ್ನೂ ಹೊರತಂದುವು. ಈ ಚಿಕ್ಕ ತಟ್ಟೆಗಳು ಹೋಟೆಲುಗಳ ಜ್ಯೂಕ್‌ಬಾಕ್ಸ್ ಯಂತ್ರಗಳಲ್ಲಿ ಒಂದರ ಹಿಂದೊಂದು ನುಡಿಯುತ್ತಿದ್ದುವು. ಯಂತ್ರದ ಧ್ವನಿಮಟ್ಟ ಎಲ್ಲಕ್ಕೂ ಒಂದೇ. ಆದಕಾರಣ ಯಾವ ತಟ್ಟೆ ಗಟ್ಟಿಯಾಗಿ ನುಡಿಯುವುದೋ ಅದು ಕಿವಿಯನ್ನು ಸೆಳೆಯುತ್ತಿತ್ತು. ಇದಕ್ಕೆ ಶಾರೀರಿಕವಾದ ಕಾರಣವೂ ಉಂಟು. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ೧೯೩೩ರಲ್ಲಿ ತೋರಿಸಿಕೊಟ್ಟಂತೆ, ಮೆಲುದನಿಯಲ್ಲಿ ನಮ್ಮ ಕಿವಿ ತಗ್ಗಿನ ಸ್ವರಗಳನ್ನು ಸರಿಯಾಗಿ ಗ್ರಹಿಸದು. ಧ್ವನಿ ಏರಿದಂತೆ ಅವು ತುಂಬಿಕೊಂಡು ಬರುತ್ತವೆ. ಆದ್ದರಿಂದಲೇ ಒಂದೇ ಹಾಡನ್ನು ಕೊಂಚ ಗಟ್ಟಿಯಾಗಿ ಕೇಳಿಸಿದರೆ ಕೇಳುಗನು ಅದನ್ನು ಹೆಚ್ಚು ಇಂಪಾದುದೆಂದು ಭ್ರಮಿಸುತ್ತಾನೆ.

ಆದರೆ ತಟ್ಟೆಯು ತಾನೇ ಈ ಪೈಪೋಟಿಗೆ ಕಡಿವಾಣ ಹಾಕಿದ್ದಿತು. ಧ್ವನಿ ಗಟ್ಟಿಯಾದಷ್ಟೂ ಗೆರೆಯ ಓಲಾಟ ಅಗಲವಾಗುತ್ತದೆ. ಗೆರೆ ಅಗಲವಾದರೆ ಒಂದು ಮಗ್ಗುಲಿನಲ್ಲಿ ಹಿಡಿಸುವ ಸಂಗೀತದ ಅವಧಿ ಕಡಮೆಯಾಗುತ್ತದೆ. ಮಿತಿಮೀರಿದರೆ ಮುಳ್ಳು ಗೆರೆಯಿಂದ ನೆಗೆದೇ ಹೋಗುತ್ತದೆ. ವ್ಯಾಪಾರಿಯ ಆಸೆಗೂ ವಸ್ತುವಿನ ಗುಣಕ್ಕೂ ನಡುವೆ ಹೀಗೊಂದು ಒಪ್ಪಂದ ಏರ್ಪಟ್ಟಿತ್ತೆನ್ನಬಹುದು.

೩

ಈ ಒಪ್ಪಂದ ಮುರಿದುದು ೧೯೮೨ರ ಅಕ್ಟೋಬರಿನಲ್ಲಿ ಜಪಾನಿನ ಮಾರುಕಟ್ಟೆಗೆ ಕಾಂಪ್ಯಾಕ್ಟ್ ಡಿಸ್ಕ್ ಬಂದ ಮೇಲೆ. ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳು ರೂಪಿಸಿದ ಈ ತಟ್ಟೆಯಲ್ಲಿ ಧ್ವನಿಯು ಸೆಕೆಂಡಿಗೆ ೪೪,೧೦೦ ಸಲ ಅಳೆಯಲ್ಪಟ್ಟು, ಪ್ರತಿಯೊಂದು ಅಳತೆಯೂ ೬೫,೫೩೬ ಮಟ್ಟಗಳಲ್ಲಿ ಒಂದಾಗಿ ದಾಖಲಾಗುತ್ತದೆ. ಅತ್ಯಂತ ಮೆಲುದನಿಗೂ ಅತ್ಯಂತ ಗಟ್ಟಿದನಿಗೂ ನಡುವೆ ಸುಮಾರು ೯೬ ಡೆಸಿಬಲ್ಲುಗಳ ವ್ಯಾಪ್ತಿ ಇಲ್ಲಿ ಲಭ್ಯ. ಹಿಂದಿನ ಯಾವ ಗ್ರಾಮಫೋನ್ ತಟ್ಟೆಗೂ ಇಷ್ಟು ವಿಸ್ತಾರವಿರಲಿಲ್ಲ. ಮೊದಲ ವರ್ಷಗಳಲ್ಲಿ ಮಾಸ್ಟರಿಂಗ್ ಕುಶಲಿಗಳು ಮೇಲಿನ ಮಿತಿಗೆ ತಾಗದಂತೆ ಸಾಕಷ್ಟು ಎಡೆ ಬಿಟ್ಟು ಮುದ್ರಿಸುತ್ತಿದ್ದರು.

ಹೊಸ ಮಾಧ್ಯಮಕ್ಕೆ ಮೇಲಿನ ಮಿತಿ ಒಂದಿದ್ದಿತು. ಆದರೆ ಆ ಮಿತಿಯ ಪಕ್ಕದಲ್ಲಿಯೇ ಹಾಡನ್ನು ಮೊದಲಿಂದ ಕೊನೆಯವರೆಗೆ ಒತ್ತಿಹಿಡಿದರೆ ಮುಳ್ಳು ನೆಗೆಯುವ ಭಯವಾಗಲಿ, ಅವಧಿ ಕುಗ್ಗುವ ಭಯವಾಗಲಿ ಇರಲಿಲ್ಲ. ೧೯೯೪ರಲ್ಲಿ ವೇವ್ಸ್ ಸಂಸ್ಥೆಯ 'ಎಲ್೧ ಅಲ್ಟ್ರಾಮ್ಯಾಕ್ಸಿಮೈಸರ್' ಎಂಬ ಸಂಖ್ಯಾರೂಪದ ಲಿಮಿಟರ್ ಬಂದಿತು. ಮುಂಬರುವ ಧ್ವನಿಯನ್ನು ಕ್ಷಣಮಾತ್ರ ಮೊದಲೇ ನೋಡಿಕೊಂಡು ತುದಿಗಳನ್ನು ತಗ್ಗಿಸುವುದು ಇಂತಹ ಸಾಧನಗಳ ವಿಶೇಷ. ಹಿಂದೆ ನುರಿತ ಕೈಗಳಿಗೆ ಮಾತ್ರ ಸಾಧ್ಯವಾಗಿದ್ದುದು ಈಗ ಯಾರಿಗೂ ಸುಲಭವಾಯಿತು. ಓಯಸಿಸ್ ವೃಂದದ ೧೯೯೫ರ ಆಲ್ಬಮ್, ರೆಡ್ ಹಾಟ್ ಚಿಲಿ ಪೆಪರ್ಸ್ ವೃಂದದ ೧೯೯೯ರ 'ಕ್ಯಾಲಿಫೋರ್ನಿಕೇಷನ್', ರಷ್ ವೃಂದದ ೨೦೦೨ರ 'ವೇಪರ್ ಟ್ರೇಲ್ಸ್' ಇವು ಈ ಏರಿಕೆಯ ಮೈಲಿಗಲ್ಲುಗಳೆಂದು ಸಾಮಾನ್ಯವಾಗಿ ಗಣಿಸಲ್ಪಡುತ್ತವೆ. ಅತ್ಯಂತ ವಿಶಾಲವಾದ ಮಾಧ್ಯಮವು ಅತ್ಯಂತ ಇಕ್ಕಟ್ಟಾದ ರೀತಿಯಲ್ಲಿ ಬಳಕೆಯಾದುದು ಈ ಇತಿಹಾಸದ ಮುಖ್ಯ ವಿರೋಧಾಭಾಸ. ಎಲ್ಲರೂ ಗಟ್ಟಿಯಾದ ಮೇಲೆ ಯಾರೊಬ್ಬರೂ ಎದ್ದು ಕಾಣುವಂತಿರಲಿಲ್ಲ. ಆದರೂ ತಾನೊಬ್ಬನೇ ಹಿಂದೆ ಸರಿದರೆ ತನ್ನ ಹಾಡು ಮಂಕಾಗುವುದೆಂಬ ಅಂಜಿಕೆಯಿಂದ ಯಾರೂ ಹಿಂದೆ ಸರಿಯಲಿಲ್ಲ.

೪

ಈ ಅಂಜಿಕೆಗೆ ಆಧಾರವೆಷ್ಟು? ರೇಡಿಯೋದಲ್ಲಿ ತಮ್ಮ ಹಾಡು ಗಟ್ಟಿಯಾಗಿ ಕೇಳಿಸಲಿ ಎಂಬುದು ಸಂಸ್ಥೆಗಳ ಒಂದು ವಾದವಾಗಿದ್ದಿತು. ಆದರೆ ೧೯೭೦ರ ದಶಕದಿಂದಲೇ ಅಮೆರಿಕದ ಬಾನುಲಿ ಕೇಂದ್ರಗಳು ಆಪ್ಟಿಮಾಡ್ ಮೊದಲಾದ ಸಾಧನಗಳಿಂದ ಎಲ್ಲ ಹಾಡುಗಳನ್ನೂ ಒಂದೇ ಮಟ್ಟಕ್ಕೆ ತಂದು ಪ್ರಸಾರ ಮಾಡುತ್ತಿದ್ದುವು. ಆ ಸಾಧನದ ನಿರ್ಮಾತೃವಾದ ರಾಬರ್ಟ್ ಆರ್ಬನ್ನನೇ, ಅತಿಯಾಗಿ ಒತ್ತಲ್ಪಟ್ಟ ಮುದ್ರಿಕೆಗೆ ಪ್ರಸಾರದಲ್ಲಿ ಲಾಭವಿಲ್ಲ, ಧ್ವನಿ ಕೆಡುವುದಷ್ಟೇ ಫಲ ಎಂಬ ಅಭಿಪ್ರಾಯವನ್ನು ಫ್ರಾಂಕ್ ಫೋಟಿಯೊಡನೆ ಪ್ರತಿಪಾದಿಸಿದನು.

೨೦೦೬ರಲ್ಲಿ ಗಾಯಕ ಬಾಬ್ ಡಿಲನ್ನನು ಹೊಸ ಮುದ್ರಿಕೆಗಳ ಧ್ವನಿಯನ್ನು ಬಹಿರಂಗವಾಗಿ ಖಂಡಿಸಿದನು. ಆದರೆ ವಿವಾದವು ಸಾಮಾನ್ಯ ಕೇಳುಗರನ್ನು ಮುಟ್ಟಿದುದು ೨೦೦೮ರ ಸೆಪ್ಟೆಂಬರಿನಲ್ಲಿ ಮೆಟಾಲಿಕಾ ವೃಂದದ 'ಡೆತ್ ಮ್ಯಾಗ್ನೆಟಿಕ್' ಹೊರಬಂದಾಗ. ಇದೇ ಹಾಡುಗಳು 'ಗಿಟಾರ್ ಹೀರೋ' ಎಂಬ ವಿಡಿಯೋ ಆಟದಲ್ಲಿಯೂ ದೊರೆಯುತ್ತಿದ್ದು, ಅಲ್ಲಿ ಧ್ವನಿ ಅಷ್ಟಾಗಿ ಒತ್ತಲ್ಪಟ್ಟಿರಲಿಲ್ಲ. ಎರಡು ಪಾಠಗಳನ್ನು ಪಕ್ಕಪಕ್ಕದಲ್ಲಿಟ್ಟು ಕೇಳುವ ಅವಕಾಶ ಜನರಿಗೆ ಮೊದಲ ಬಾರಿಗೆ ಇಷ್ಟು ವ್ಯಾಪಕವಾಗಿ ಒದಗಿತು. ಆಲ್ಬಮ್ಮನ್ನು ಮತ್ತೆ ಮಾಸ್ಟರ್ ಮಾಡಬೇಕೆಂದು ಸಾವಿರಾರು ಮಂದಿ ಮನವಿಗೆ ಸಹಿಹಾಕಿದರು. ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್ನನು, ಮಿಶ್ರಣಗಳು ತನ್ನ ಕೈಸೇರುವ ಮುನ್ನವೇ ಮಿತಿಗೆ ಒತ್ತಲ್ಪಟ್ಟಿದ್ದುವೆಂದು ತಿಳಿಸಿದನು. ಆದರೂ ಆಲ್ಬಮ್ ಅಮೆರಿಕದ ಮಾರಾಟಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತೆಂಬುದು ಗಮನಾರ್ಹ. ಕೇಳುಗರ ದೂರು ಮಾತ್ರದಿಂದ ವ್ಯಾಪಾರದ ಕ್ರಮ ಬದಲಾಗಲಿಲ್ಲ.

ಬದಲಾವಣೆ ಬಂದುದು ಅಳತೆಗೋಲಿನಿಂದ. ಕಿವಿಯು ಗ್ರಹಿಸುವ ಪ್ರಾಬಲ್ಯವನ್ನು ಅಳೆಯುವ ವಿಧಾನವೊಂದನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ೨೦೦೬ರಲ್ಲಿ ಪ್ರಕಟಿಸಿತು. ಅದನ್ನು ಆಧರಿಸಿ ಯೂರೋಪಿನ ಪ್ರಸಾರ ಒಕ್ಕೂಟವು ೨೦೧೦ರಲ್ಲಿ ಕಾರ್ಯಕ್ರಮಗಳ ಸರಾಸರಿಯನ್ನು −೨೩ ಎಂಬ ಮಟ್ಟಕ್ಕೆ ನಿಗದಿಪಡಿಸಿತು. ಜಾಹೀರಾತುಗಳ ಅಬ್ಬರವನ್ನು ತಡೆಯಲು ಅಮೆರಿಕದಲ್ಲಿ ಅದೇ ವರ್ಷ ಶಾಸನವಾಗಿ, ಅದು ೨೦೧೨ರಿಂದ ಜಾರಿಗೆ ಬಂದಿತು. ಮುಂದೆ ಅಂತರಜಾಲದ ಮೂಲಕ ಸಂಗೀತವನ್ನು ಒದಗಿಸುವ ಸ್ಪಾಟಿಫೈ ಮೊದಲಾದ ಸಂಸ್ಥೆಗಳೂ ಹಾಡುಗಳನ್ನು ಸಮಮಟ್ಟಕ್ಕೆ ತಂದು ನುಡಿಸತೊಡಗಿದುವು. ಇಂತಹ ಏರ್ಪಾಡಿನಲ್ಲಿ ಅತಿ ಗಟ್ಟಿಯಾದ ಹಾಡು ತಾನಾಗಿ ತಗ್ಗಿಸಲ್ಪಡುತ್ತದೆ. ಕಳೆದುಕೊಂಡ ಏರಿಳಿತ ಮಾತ್ರ ಮರಳಿ ಬರುವುದಿಲ್ಲ. ಪೈಪೋಟಿ ಇದರಿಂದ ಪೂರ್ತಿ ನಿಂತಿಲ್ಲವಾದರೂ ಅದರ ಮುಖ್ಯ ಪ್ರಯೋಜನವೇ ಕುಸಿಯಿತು.

೫

ಈ ವಿಷಯದಲ್ಲಿ ತೀರ್ಪು ನೀಡುವಾಗ ಸಂಯಮ ಅವಶ್ಯಕ. ೧೯೫೫ರಿಂದ ೨೦೧೦ರವರೆಗಿನ ೪,೬೪,೪೧೧ ಮುದ್ರಿಕೆಗಳನ್ನು ಪರಿಶೀಲಿಸಿ ಸೆರ್‍ರಾ ಮತ್ತು ಸಂಗಡಿಗರು ೨೦೧೨ರಲ್ಲಿ ಪ್ರಕಟಿಸಿದ ಪ್ರಬಂಧವು, ಧ್ವನಿಯ ಮಟ್ಟ ಸತತವಾಗಿ ಏರಿದುದನ್ನು ದೃಢಪಡಿಸಿತು. ಆದರೆ ಒಟ್ಟು ಏರಿಳಿತದ ವ್ಯಾಪ್ತಿ ಜನ ಭಾವಿಸಿದಷ್ಟು ಕುಗ್ಗಿಲ್ಲವೆಂದೂ ಸೂಚಿಸಿತು. ಅಲ್ಲದೆ ಒತ್ತಿದ, ಒಡೆದ ಧ್ವನಿಯನ್ನೇ ಕೆಲವು ಕಲಾವಿದರು ಉದ್ದೇಶಪೂರ್ವಕವಾಗಿ ಬಯಸಿದುದುಂಟು. ಸ್ಟೂಜಸ್ ವೃಂದದ ೧೯೭೩ರ 'ರಾ ಪವರ್' ಆಲ್ಬಮ್ಮನ್ನು ೧೯೯೭ರಲ್ಲಿ ಮರುಮಿಶ್ರಣ ಮಾಡಿ ವಿಪರೀತ ಗಟ್ಟಿಯಾಗಿಸಿದವನು ಅದರ ಗಾಯಕ ಇಗಿ ಪಾಪನೇ.

ನಮ್ಮ ಅಭ್ಯಾಸಕ್ಕೆ ಮುಖ್ಯವಾದ ಪ್ರಶ್ನೆ ಇಲ್ಲಿಯೇ ಏಳುತ್ತದೆ. ೧೯೯೭ರ ಪ್ರತಿಯನ್ನು ಕೇಳಿ ೧೯೭೩ರ ಅಭಿರುಚಿಯನ್ನು ವರ್ಣಿಸುವ ವಿದ್ಯಾರ್ಥಿಯು, ಇಪ್ಪತ್ತನಾಲ್ಕು ವರ್ಷ ಈಚಿನ ಸಾಕ್ಷ್ಯವನ್ನು ಸಮಕಾಲೀನವೆಂದು ಬಗೆದಂತಾಗುತ್ತದೆ. ಡೇವಿಡ್ ಬೋವಿಯ ಮೊದಲ ಮಿಶ್ರಣ ೨೦೧೦ರಲ್ಲಿ ಮತ್ತೆ ಪ್ರಕಟವಾಯಿತು. 'ವೇಪರ್ ಟ್ರೇಲ್ಸ್' ಕೂಡ ೨೦೧೩ರಲ್ಲಿ ಮೂಲ ಮುದ್ರಣಗಳಿಂದ ಹೊಸದಾಗಿ ಮಿಶ್ರಣಗೊಂಡಿತು. ಮೂಲವು ಉಳಿದಿದ್ದುದರಿಂದ ಇವು ಸಾಧ್ಯವಾದುವು. ಮೂಲ ನಾಶವಾಗಿ ಒತ್ತಲ್ಪಟ್ಟ ಪ್ರತಿಯೊಂದೇ ಉಳಿದರೆ, ಕತ್ತರಿಸಿಹೋದ ತುದಿಯನ್ನು ಯಥಾವತ್ತಾಗಿ ಮರಳಿ ತರುವ ಉಪಾಯವಿಲ್ಲ. ಆದುದರಿಂದ ಗ್ರಂಥಾಲಯಗಳು ಮರುಮುದ್ರಿಕೆ ಬಂದಿತೆಂದು ಹಳೆಯ ತಟ್ಟೆಗಳನ್ನು ವಿಲೇವಾರಿ ಮಾಡಕೂಡದು. ಮುದ್ರಿಕೆಯನ್ನು ಆಕರವಾಗಿ ಉಲ್ಲೇಖಿಸುವವರು ಹಾಡಿದ ವರ್ಷದೊಡನೆ ಆ ಪ್ರತಿಯ ಮಾಸ್ಟರಿಂಗ್ ನಡೆದ ವರ್ಷವನ್ನೂ ನಮೂದಿಸತಕ್ಕದ್ದು. ಪಾಠಪರಿಷ್ಕರಣದಲ್ಲಿ ನಾವು ತಾಳೆಯ ಗರಿಗೆ ತೋರುವ ಎಚ್ಚರವನ್ನು ಧ್ವನಿಯ ತಟ್ಟೆಗೂ ತೋರುವುದು ನ್ಯಾಯವಾಗಿದೆ.