ಪಿಡಿಎಫ್ ಕಡತಗಳಲ್ಲಿ ಕನ್ನಡ ಫಾಂಟ್ ಸಮಸ್ಯೆ

ಗಣಕದಲ್ಲಿ ಜೋಡಿಸಿದ ಕನ್ನಡ ಪಠ್ಯವನ್ನು ಪಿಡಿಎಫ್ ಮಾಡಿದಾಗ ಅಕ್ಷರ ಕೆಡುವುದು, ಒತ್ತಕ್ಷರ ಕಳಚಿಕೊಳ್ಳುವುದು, ಹುಡುಕಿದ ಪದ ಸಿಗದಿರುವುದು ಈ ಸಮಸ್ಯೆಯ ಮುಖ್ಯ ಲಕ್ಷಣಗಳು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನೊಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆಯಂಥ ಕಡೆ ಸುತ್ತೋಲೆ, ಪ್ರಶ್ನೆಪತ್ರಿಕೆಗಳು ಕಚೇರಿಯಿಂದ ಶಾಲೆಗೆ ಕಡತರೂಪದಲ್ಲೇ ಹೋಗುವುದರಿಂದ ಇದು ದಿನನಿತ್ಯದ ಕೆಲಸಕ್ಕೆ ತಟ್ಟುವ ವಿಷಯ.

ಹಿನ್ನೆಲೆ

ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ಆದರೂ ಡಿಟಿಪಿ ಕೇಂದ್ರಗಳಲ್ಲಿ ಬೇರೂರಿದ್ದು ಶ್ರೀಲಿಪಿ, ಆಕೃತಿ, ಪ್ರಕಾಶಕ್, ಬರಹ, ನುಡಿಯಂಥ ತಂತ್ರಾಂಶಗಳು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಟೈಪಿಂಗನ್ನು ಸುಲಭಗೊಳಿಸಿತು; ಫಾಂಟ್‌ಗಳ ಒಳಸಂಕೇತ ಮಾತ್ರ ಹಲವು ಬಗೆಯಾಗಿಯೇ ಉಳಿಯಿತು. ಅವು ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಇಟ್ಟಿದ್ದವು. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಬರೆದ ‘ಗಿರಿ’ಯನ್ನು ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ರೋಮನ್ನಿನ ದೊಡ್ಡ ‘ವಿ’, ಚಿಕ್ಕ ‘ಜೆ’ ಕಾಣುತ್ತವೆ. ‘ಶಿರಾ’ದ ಮೊದಲ ಅಕ್ಷರ ವರ್ಗದ ಚಿಹ್ನೆಯಾಗಿ ಬರೆಯುವ ಪುಟ್ಟ ಎರಡಾಗುತ್ತದೆ.

2001ರ ಹೊತ್ತಿಗೆ ರಾಜ್ಯದ ತಾಲ್ಲೂಕು ಕಚೇರಿಗಳಿಗೆ ವಿಸ್ತರಿಸಿದ ‘ಭೂಮಿ’ ಯೋಜನೆಯಲ್ಲಿ ಪಹಣಿಯನ್ನು ತಾಲ್ಲೂಕಿನಲ್ಲೇ ಅಚ್ಚು ಹಾಕಿ ರೈತರ ಕೈಗೆ ಕೊಡುತ್ತಿದ್ದರು. ಫಾಂಟ್ ಇದ್ದ ಗಣಕದಿಂದಲೇ ಕಾಗದ ಹೊರಬರುತ್ತಿದ್ದಾಗ ತೊಡಕಿರಲಿಲ್ಲ. ಕಡತವೇ ಊರೂರು ತಿರುಗತೊಡಗಿದ ಮೇಲೆ ದೋಷ ಬಯಲಾಯಿತು. ಪಾವಗಡದಲ್ಲಿ ಜೋಡಿಸಿದ್ದನ್ನು ಗಡಿಯಾಚೆ ಮಡಕಶಿರಾದಲ್ಲಿ ತೆರೆದರೆ, ಅಲ್ಲಿ ಆ ಫಾಂಟ್ ಇಲ್ಲದಿದ್ದಾಗ ಒಂದಕ್ಷರವೂ ಓದಲಾಗದು.

ಪಿಡಿಎಫ್ ತಂದ ಪರಿಹಾರ

ಅಡೋಬಿ 1993ರಲ್ಲಿ ಹೊರತಂದ ಪಿಡಿಎಫ್, ಫಾಂಟನ್ನು ಕಡತದೊಳಗೇ ಅಡಕಗೊಳಿಸಬಲ್ಲದು. 2005ರ ಪಿಡಿಎಫ್/ಎ ಮಾನದಂಡ ದಾಖಲೆ ಸಂರಕ್ಷಣೆಗಾಗಿ ಇದನ್ನು ಕಡ್ಡಾಯ ಮಾಡಿತು. 2008ರಲ್ಲಿ ಪಿಡಿಎಫ್ ಐಎಸ್ಒ ಮಾನದಂಡವಾಯಿತು. ಅಡಕ ಮಾಡದೆ ಬಿಟ್ಟರೆ ಓದುವ ತಂತ್ರಾಂಶ ಬದಲಿ ಫಾಂಟ್ ಹುಡುಕುತ್ತದೆ. ಪಿಡಿಎಫ್‌ನ ಹದಿನಾಲ್ಕು ಮೂಲ ಫಾಂಟ್‌ಗಳಲ್ಲಿ ಕನ್ನಡದ್ದು ಒಂದೂ ಇಲ್ಲ.

ಅಡಕಗೊಳಿಸಿದರೆ ಪುಟ ಸರಿಯಾಗಿ ಕಾಣುತ್ತದೆ, ಅಚ್ಚೂ ಚೆನ್ನಾಗಿ ಬರುತ್ತದೆ. ಆದರೆ ಹಳೆಯ ಸಂಕೇತದ ಪಠ್ಯ ಒಳಗೆ ರೋಮನ್ ಆಗಿಯೇ ಉಳಿಯುತ್ತದೆ. ನಕಲು ಮಾಡಿದರೆ ಚಿಹ್ನೆಗಳ ರಾಶಿ ಬರುತ್ತದೆ, ಹುಡುಕಾಟ ವಿಫಲವಾಗುತ್ತದೆ. ಅಂಧ ವಿದ್ಯಾರ್ಥಿಗೆ ಪಾಠ ಓದಿ ಹೇಳಬೇಕಾದ ತಂತ್ರಾಂಶಕ್ಕೂ ಅರ್ಥವಿಲ್ಲದ ಅಕ್ಷರಗಳೇ ಸಿಗುತ್ತವೆ. ಕಣ್ಣಿಗೆ ಕಾಣುವ ಕನ್ನಡ ಗಣಕಕ್ಕೂ ಕನ್ನಡವಾಗಿರಬೇಕು.

ದೋಷ ಪತ್ತೆ

ಪಿಡಿಎಫ್‌ನ ಗುಣವಿವರದಲ್ಲಿ ಫಾಂಟ್ ಪಟ್ಟಿ ತೆರೆದು, ಪ್ರತಿ ಫಾಂಟ್ ಅಡಕವಾಗಿದೆಯೇ ಎಂದು ನೋಡುವುದು ಮೊದಲ ಹೆಜ್ಜೆ. ಟೆಕ್ ಎಂಬ ಅಕ್ಷರಜೋಡಣೆ ತಂತ್ರಾಂಶದಲ್ಲಿ ಸಿದ್ಧಪಡಿಸಿದ ಕಡತದಲ್ಲಿ ‘ಟೈಪ್ 3’ ಎಂದಿದ್ದು, ಹಿಗ್ಗಿಸಿದಾಗ ಅಕ್ಷರದ ಅಂಚು ಒರಟಾದರೆ, ಅದು ಚುಕ್ಕೆಗಳಿಂದ ಕೂಡಿದ ಫಾಂಟ್. ರೇಖಾರೂಪದ ಫಾಂಟ್ ಹಾಕಿ ಮತ್ತೆ ಪರಿವರ್ತಿಸಬೇಕು. ಎರಡನೆಯದು, ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸಿ ಓದುವುದು. ರೋಮನ್ ಬಂದರೆ ಮೂಲ ಪಠ್ಯವನ್ನೇ ಯೂನಿಕೋಡ್‌ಗೆ ತರಬೇಕು.

ಯೂನಿಕೋಡ್ ಬಳಸಿದರೂ ಅರ್ಕಾವತ್ತು ಎಡವುವುದುಂಟು. ‘ಸೂರ್ಯ’ ಪದದ ‘ರ್ಯ’ದಲ್ಲಿ ಸಂಗ್ರಹವಾಗುವುದು ರ ಮೊದಲು, ಯ ನಂತರ, ಚಿತ್ರಿತವಾಗುವಾಗ ಅರ್ಕಾವತ್ತು ಯಕಾರದ ಬಲಕ್ಕೆ ಬರುತ್ತದೆ. ಆಕಾರದಿಂದ ಅಕ್ಷರಕ್ಕೆ ಮರಳುವ ನಕ್ಷೆ ಕಡತದಲ್ಲಿ ಸರಿಯಿಲ್ಲದಿದ್ದರೆ ಕ್ರಮ ತಲೆಕೆಳಗಾಗುತ್ತದೆ. ಆದ್ದರಿಂದ ಸುತ್ತೋಲೆ ಕಳಿಸುವ ಮುನ್ನ ಅರ್ಕಾವತ್ತು, ಒತ್ತಕ್ಷರಗಳಿರುವ ಒಂದು ಸಾಲನ್ನಾದರೂ ನಕಲು ಮಾಡಿ ಪರೀಕ್ಷಿಸಬೇಕು. ಪಿಡಿಎಫ್ ಜೊತೆಗೆ ಮೂಲ ಯೂನಿಕೋಡ್ ಕಡತವನ್ನೂ ಕಾಪಿಡಬೇಕು.