ಬಡಗಿಯ ಮನೆಯಿಂದ ಗಾನವೃಂದಕ್ಕೆ: ಗಿಟಾರಿನ ಚರಿತ್ರೆ ಮತ್ತು ಆಯ್ಕೆ

ಬೆಂಗಳೂರಿನ ದಕ್ಷಿಣದಂಚಿನಲ್ಲಿ, ಕನಕಪುರ ರಸ್ತೆಗೂ ಬನ್ನೇರುಘಟ್ಟ ರಸ್ತೆಗೂ ನಡುವೆ ಇರುವ ಅಂಜನಾಪುರವು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು 2000ದ ದಶಕದಲ್ಲಿ ರೂಪಿಸಿದ ಬಡಾವಣೆ. 2021ರ ಜನವರಿಯಲ್ಲಿ ಮೆಟ್ರೊ ರೈಲು ಸಮೀಪದ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಬಂದ ಮೇಲೆ ಅದು ನಗರಕ್ಕೆ ಇನ್ನಷ್ಟು ಹತ್ತಿರವಾಯಿತು. ಇಂತಹ ಹೊಸ ಬಡಾವಣೆಗಳಲ್ಲಿ ನೆಲೆಸುವ ಕ್ರೈಸ್ತ ಕುಟುಂಬಗಳು ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ಧರ್ಮಕೇಂದ್ರಗಳಿಂದ ಬಂದವು. ಜಪಸರದ ತಿಂಗಳಲ್ಲಿ ಯಾರದೋ ಮನೆಯ ಹಜಾರದಲ್ಲಿ ಅವರು ಸೇರಿದಾಗ ಹಾಡಿಗೆ ಆಸರೆಯಾಗಲು ಅಲ್ಲಿ ಆರ್ಗನ್ ಇರುವುದಿಲ್ಲ. ಹೆಗಲಿಗೆ ಹಾಕಿಕೊಂಡು ಮಹಡಿ ಹತ್ತಬಹುದಾದ ವಾದ್ಯವೆಂದರೆ ಗಿಟಾರು.

ಹರೆಯದಲ್ಲಿ ತಮ್ಮ ಊರಿನ ಗಾನವೃಂದದಲ್ಲಿ ಗಿಟಾರು ನುಡಿಸಿದ್ದ ಎಷ್ಟೋ ಮಂದಿ ಉದ್ಯೋಗ, ಮದುವೆ, ಮಕ್ಕಳ ವಿದ್ಯಾಭ್ಯಾಸದ ನಡುವೆ ಅದನ್ನು ಬದಿಗಿಟ್ಟಿರುತ್ತಾರೆ. ನಲವತ್ತೋ ಐವತ್ತೋ ದಾಟಿದಾಗ ಅವರಿಗೆ ಮತ್ತೆ ನುಡಿಸುವ ಆಸೆ ಮೂಡುತ್ತದೆ. ಆಗ ಎದುರಾಗುವ ಮೊದಲ ಪ್ರಶ್ನೆ: ಈ ಬಾರಿ ಎಂತಹ ವಾದ್ಯ ಕೊಳ್ಳಬೇಕು? ಬೆಲೆಪಟ್ಟಿಯಿಂದ ಇದಕ್ಕೆ ಉತ್ತರ ಸಿಗುವುದು ಕಷ್ಟ. ವಾದ್ಯವು ಹೇಗೆ ಹುಟ್ಟಿತು, ಯಾವ ಕಾರಣಕ್ಕೆ ಬಲಿಪೀಠದ ಬಳಿಗೆ ಬಂತು ಎಂಬ ಚರಿತ್ರೆಯನ್ನು ತಿಳಿದರೆ ಉತ್ತರ ಸುಲಭವಾಗುತ್ತದೆ.

ಉಳಿ ಹಿಡಿದವರ ವಾದ್ಯ

ತಂತಿವಾದ್ಯಕ್ಕೆ ಪವಿತ್ರ ಗ್ರಂಥದಲ್ಲಿ ಹಳೆಯ ಗೌರವವಿದೆ. ಮನಸ್ಸಿನ ಶಾಂತಿಯನ್ನು ಕಳೆದುಕೊಂಡ ಅರಸ ಸೌಲನ ಮುಂದೆ ಕುರಿಕಾಯುವ ದಾವೀದನು ಕಿನ್ನರಿ ನುಡಿಸಿ ಅವನಿಗೆ ನೆಮ್ಮದಿ ತಂದನೆಂದು ಸಮುವೇಲನ ಮೊದಲನೆಯ ಗ್ರಂಥ ತಿಳಿಸುತ್ತದೆ. ಗಿಟಾರು ಆ ಕಿನ್ನರಿಯ ನೇರ ಸಂತತಿಯಲ್ಲ. ಅದು ರೂಪು ತಾಳಿದ್ದು ಸ್ಪೇನ್ ಮತ್ತು ಅದರ ನೆರೆಯ ನಾಡುಗಳಲ್ಲಿ. 16ನೇ ಶತಮಾನದಲ್ಲಿ ಅದಕ್ಕೆ ನಾಲ್ಕು ಜೊತೆ ತಂತಿಗಳಿದ್ದವು, 17ನೇ ಶತಮಾನದಲ್ಲಿ ಐದು ಜೊತೆಗಳಾದವು. ಇಂದು ನಾವು ಕಾಣುವ ಆರು ಒಂಟಿ ತಂತಿಗಳ ಗಿಟಾರು 18ನೇ ಶತಮಾನದ ಕೊನೆಯ ಹೊತ್ತಿಗೆ ಬಳಕೆಗೆ ಬಂತು. ಆ ಕಾಲದ ಶ್ರೇಷ್ಠ ಗಿಟಾರು ವಾದಕ ಫೆರ್ನಾಂಡೊ ಸೋರ್ (1778–1839) ಬಾಲ್ಯದಲ್ಲಿ ಸಂಗೀತ ಕಲಿತದ್ದು ಬಾರ್ಸಿಲೋನಾ ಸಮೀಪದ ಮೊನ್ಸೆರಾತ್ ಮಠದ ಗಾನಶಾಲೆಯಲ್ಲಿ.

ಗಿಟಾರು ತಯಾರಿಸಿದವರ ಕಥೆ ಇನ್ನೂ ಸ್ವಾರಸ್ಯವಾದದ್ದು. ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಮಾರ್ಕ್‌ನಾಯ್‌ಕಿರ್ಶೆನ್ ಎಂಬ ಊರಿನಲ್ಲಿ 1820 ಮತ್ತು 1830ರ ದಶಕಗಳಲ್ಲಿ ಒಂದು ದೊಡ್ಡ ವ್ಯಾಜ್ಯ ನಡೆಯಿತು. ಗಿಟಾರುಗಳನ್ನು ಮಾಡುತ್ತಿದ್ದವರು ಪೀಠೋಪಕರಣ ಮಾಡುವ ಬಡಗಿಗಳ ಸಂಘಕ್ಕೆ ಸೇರಿದವರು. ಇವರು ಬರಿಯ ಬಡಗಿಗಳು, ವಾದ್ಯ ತಯಾರಿಸುವ ಹಕ್ಕು ಇವರಿಗಿಲ್ಲ ಎಂದು ಪಿಟೀಲು ತಯಾರಕರ ಸಂಘವು ದೂರು ಕೊಟ್ಟಿತು. ಆ ಬಡಗಿ ಮನೆತನಗಳಲ್ಲೊಂದರ ಮಗ ಕ್ರಿಶ್ಚಿಯನ್ ಫ್ರೆಡ್ರಿಕ್ ಮಾರ್ಟಿನ್ (1796–1873) 1833ರಲ್ಲಿ ಅಮೆರಿಕಕ್ಕೆ ವಲಸೆ ಹೋದನು. ಕೆಲವು ವರ್ಷ ನ್ಯೂಯಾರ್ಕಿನಲ್ಲಿದ್ದು, 1839ರ ಹೊತ್ತಿಗೆ ಪೆನ್ಸಿಲ್ವೇನಿಯಾದ ಒಂದು ಚಿಕ್ಕ ಊರಿನ ಬಳಿ ನೆಲೆಸಿದನು. ಮೊರೇವಿಯನ್ ಪಂಥದ ಕ್ರೈಸ್ತರು ಕಟ್ಟಿದ ಆ ಊರಿನ ಹೆಸರು ನಜರೇತ್. ಬಡಗಿಗಳೆಂದು ಹೀಗಳೆಯಲ್ಪಟ್ಟ ಮನೆತನಕ್ಕೆ ಆಶ್ರಯ ದೊರೆತದ್ದು ಬಡಗಿಯಾಗಿದ್ದ ಸಂತ ಜೋಸೆಫರ ಊರಿನ ಹೆಸರು ಹೊತ್ತ ನೆಲದಲ್ಲಿ. ಮಾರ್ಟಿನ್ ಗಿಟಾರುಗಳ ಕಾರ್ಖಾನೆ ಇಂದಿಗೂ ಅಲ್ಲಿಯೇ ಇದೆ.

ಸ್ಪೇನಿನ ಅಲ್ಮೇರಿಯಾ ಸಮೀಪದಲ್ಲಿ 1817ರಲ್ಲಿ ಹುಟ್ಟಿದ ಅಂತೋನಿಯೊ ದೆ ತೋರೆಸ್ ಕೂಡ ಹನ್ನೆರಡನೆಯ ವಯಸ್ಸಿನಲ್ಲಿ ಬಡಗಿಯ ಬಳಿ ಕೆಲಸ ಕಲಿಯಲು ಸೇರಿದವನು. ಇಂದಿನ ಶಾಸ್ತ್ರೀಯ ಗಿಟಾರಿನ ಅಳತೆ, ಆಕಾರಗಳು ಬಹುಪಾಲು ಅವನ ಕೊಡುಗೆ. 1862ರಲ್ಲಿ ಅವನು ಒಂದು ವಿಚಿತ್ರ ಪ್ರಯೋಗ ಮಾಡಿದನು. ಮೇಲುಹಲಗೆಗೆ ಮಾತ್ರ ಒಳ್ಳೆಯ ಮರವನ್ನು ಬಳಸಿ, ಹಿಂಬದಿ ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿದನು. ಗಿಟಾರಿನ ನಾದ ಹುಟ್ಟುವುದು ಮುಖ್ಯವಾಗಿ ಮೇಲುಹಲಗೆಯಿಂದ ಎಂದು ತೋರಿಸುವುದು ಅವನ ಉದ್ದೇಶವಾಗಿತ್ತು. ಆ ವಾದ್ಯವು ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಕೊಳ್ಳುವವನು ಕಣ್ಣಿಗೆ ಬೀಳುವ ಹೊಳಪನ್ನು ನಂಬದೆ ಮೊದಲು ಮೇಲುಹಲಗೆಯನ್ನು ನೋಡಬೇಕೆಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಧರ್ಮಸಭೆಯ ಹೊಸ್ತಿಲಲ್ಲಿ

ಈ ವಾದ್ಯವು ದೇವಾಲಯವನ್ನು ಪ್ರವೇಶಿಸಿದ ಅತ್ಯಂತ ಪ್ರಸಿದ್ಧ ಸಂದರ್ಭ 1818ರ ಡಿಸೆಂಬರ್ 24ರ ರಾತ್ರಿ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಸಮೀಪದ ಓಬರ್ನ್‌ಡಾರ್ಫ್ ಎಂಬ ಹಳ್ಳಿಯ ಸಂತ ನಿಕೋಲಾಸರ ದೇವಾಲಯದಲ್ಲಿ ಸಹಾಯಕ ಗುರು ಜೋಸೆಫ್ ಮೋರ್, ತಾವು 1816ರಲ್ಲಿ ರಚಿಸಿದ್ದ ಕವಿತೆಯೊಂದನ್ನು ಶಾಲಾ ಶಿಕ್ಷಕ ಫ್ರಾನ್ಜ್ ಗ್ರೂಬರ್ ಅವರಿಗೆ ಕೊಟ್ಟು, ಎರಡು ಕಂಠಗಳಿಗೂ ಗಿಟಾರಿಗೂ ಹೊಂದುವ ರಾಗ ಹಾಕಿಕೊಡಲು ಕೇಳಿದರು. ಆ ರಾತ್ರಿ ಮೋರ್ ಗಿಟಾರು ನುಡಿಸುತ್ತ ಹಾಡಿದರು, ಗ್ರೂಬರ್ ಕೆಳಸ್ಥಾಯಿಯಲ್ಲಿ ದನಿಗೂಡಿಸಿದರು. ಇಂದು ಕನ್ನಡವೂ ಸೇರಿದಂತೆ ನೂರಾರು ಭಾಷೆಗಳಲ್ಲಿ ಹಾಡಲಾಗುವ ‘ಸೈಲೆಂಟ್ ನೈಟ್’ ಗೀತೆ ಹುಟ್ಟಿದ್ದು ಹೀಗೆ. ಆರ್ಗನನ್ನು ಇಲಿಗಳು ಕಡಿದುಹಾಕಿದ್ದವು ಎಂಬ ಕಥೆ ಜನಪ್ರಿಯ. ಆದರೆ ಗ್ರೂಬರ್ 1854ರಲ್ಲಿ ಬರೆದಿಟ್ಟ ವಿವರಣೆಯಲ್ಲಿ ಅಂತಹ ಮಾತಿಲ್ಲ. ಮೋರ್ ನುಡಿಸಿದ ಆ ಸಣ್ಣ ಗಿಟಾರನ್ನು ಹಾಲೈನ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಕಾಪಾಡಲಾಗಿದೆ.

ಆದರೂ ದೈವಾರಾಧನೆಯಲ್ಲಿ ಈ ವಾದ್ಯಕ್ಕೆ ಸ್ಥಾನ ದೊರೆಯಲು ದೀರ್ಘಕಾಲ ಹಿಡಿಯಿತು. 1903ರ ನವೆಂಬರ್ 22ರಂದು, ಸಂಗೀತದ ಪಾಲಕಿ ಸಂತ ಸೆಸಿಲಿಯಾಳ ಹಬ್ಬದ ದಿನ, ಜಗದ್ಗುರು ಹತ್ತನೆಯ ಪಯಸ್ ಅವರು ಹೊರಡಿಸಿದ ಆದೇಶವು ದೇವಾಲಯದಲ್ಲಿ ಪಿಯಾನೊವನ್ನೂ ಡೋಲು, ತಾಳಗಳಂತಹ ಸದ್ದಿನ ವಾದ್ಯಗಳನ್ನೂ ನಿಷೇಧಿಸಿತು. ಅರವತ್ತು ವರ್ಷಗಳ ಬಳಿಕ, 1963ರ ಡಿಸೆಂಬರ್ 4ರಂದು, ಎರಡನೆಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಕುರಿತಾದ ತನ್ನ ಸಂವಿಧಾನವನ್ನು ಪ್ರಕಟಿಸಿತು. ಅದರ 120ನೆಯ ಪರಿಚ್ಛೇದವು ಆರ್ಗನಿಗೆ ಹಿರಿಯ ಗೌರವ ಕೊಟ್ಟು, ಆಯಾ ಪ್ರಾಂತ್ಯದ ಅಧಿಕಾರಿಗಳ ಒಪ್ಪಿಗೆಯೊಂದಿಗೆ ಇತರ ವಾದ್ಯಗಳಿಗೂ ಅವಕಾಶ ನೀಡಿತು. ಆ ವಾದ್ಯವು ಪವಿತ್ರ ಬಳಕೆಗೆ ತಕ್ಕುದಾಗಿರಬೇಕು, ದೇವಾಲಯದ ಘನತೆಗೆ ಒಪ್ಪಬೇಕು, ವಿಶ್ವಾಸಿಗಳ ಆತ್ಮೋನ್ನತಿಗೆ ನೆರವಾಗಬೇಕು ಎಂಬುದು ನಿಬಂಧನೆ. ಕಾಕತಾಳೀಯವೆಂಬಂತೆ, ಅದೇ ವಾರ ಬೆಲ್ಜಿಯಂನ ಡೊಮಿನಿಕನ್ ಸಭೆಯ ಕನ್ಯಾಸ್ತ್ರೀಯೊಬ್ಬರು ಗಿಟಾರು ನುಡಿಸುತ್ತ ತಮ್ಮ ಸಭೆಯ ಸ್ಥಾಪಕ ಸಂತ ಡೊಮಿನಿಕರ ಬಗ್ಗೆ ಹಾಡಿದ ಗೀತೆಯು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

1967ರ ಮಾರ್ಚ್ 5ರಂದು ಬಂದ ‘ಮೂಸಿಕಾಂ ಸಾಕ್ರಾಂ’ ಎಂಬ ನಿರ್ದೇಶನವು ಇನ್ನೂ ಸ್ಪಷ್ಟವಾದ ಅಳತೆಗೋಲನ್ನು ಕೊಟ್ಟಿತು. ವಾದ್ಯವು ಹಾಡುವ ದನಿಗೆ ಆಸರೆಯಾಗಬಹುದು, ಆದರೆ ಹಾಡಿನ ಮಾತು ಕೇಳಿಸದಂತೆ ಅದನ್ನು ಮುಳುಗಿಸಬಾರದು ಎಂಬುದು ಅದರ ಸಾರ. ಅದೇ 1967ರಲ್ಲಿ ನಮ್ಮ ಬೆಂಗಳೂರಿನಲ್ಲಿ ಎನ್.ಬಿ.ಸಿ.ಎಲ್.ಸಿ. ಸ್ಥಾಪನೆಯಾಗಿ, ಭಾರತದ ಮಣ್ಣಿಗೆ ಒಗ್ಗುವ ಆರಾಧನೆಯ ಚಿಂತನೆಗೆ ನೆಲೆಯಾಯಿತು. ಪೂಜೆ ಕನ್ನಡಕ್ಕೆ ಬಂದ ಮೇಲೆ ನಮ್ಮ ಧರ್ಮಕೇಂದ್ರಗಳಲ್ಲಿ ಹಾರ್ಮೋನಿಯಂ, ತಬಲಗಳ ಪಕ್ಕದಲ್ಲಿ ಗಿಟಾರೂ ಬಂದು ಕುಳಿತಿತು. ಮಹಾಸಭೆ ಅದನ್ನು ಒಳಗೆ ಕರೆದದ್ದು ಜನರ ಕಂಠಕ್ಕೆ ಜೊತೆಯಾಗಲೆಂದು. ಈ ಮಾತನ್ನು ಮರೆತರೆ ಎಷ್ಟೇ ಬೆಲೆಯ ಗಿಟಾರು ತಂದರೂ ಅದು ಗಾನವೃಂದಕ್ಕೆ ತಕ್ಕದ್ದಾಗಲಾರದು.

ನಮ್ಮ ಕಾಡಿನ ಬೀಟೆ

ದೂರದ ನಜರೇತಿಗೂ ನಮ್ಮ ನಾಡಿಗೂ ಒಂದು ನಂಟಿದೆ. ಒಳ್ಳೆಯ ಗಿಟಾರಿನ ಹಿಂಬದಿ ಮತ್ತು ಪಕ್ಕಗಳಿಗೆ ಬಹುಕಾಲ ಬ್ರೆಜಿಲ್ ದೇಶದ ಬೀಟೆಯ ಜಾತಿಯ ಮರವನ್ನು ಬಳಸುತ್ತಿದ್ದರು. ಆ ದೇಶವು ದಿಮ್ಮಿಗಳ ರಫ್ತನ್ನು ನಿರ್ಬಂಧಿಸಿದ ಮೇಲೆ, 1969ರಿಂದ ಮಾರ್ಟಿನ್ ಕಂಪನಿಯು ಭಾರತದ ಬೀಟೆಯನ್ನು ಬಳಸತೊಡಗಿತು. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡದ ಕಾಡುಗಳಲ್ಲಿ ಬೆಳೆಯುವ, ಮೈಸೂರಿನ ಕುಸುರಿ ಕೆಲಸದವರು ದಂತದ ಬಣ್ಣದ ಚಿತ್ತಾರ ಕೂರಿಸುವ ಮರವೇ ಇದು. ನಿಧಾನವಾಗಿ ಬೆಳೆಯುವ ಈ ಮರವನ್ನು ಇಂದು ಅಪಾಯಕ್ಕೀಡಾಗಬಲ್ಲ ಪ್ರಭೇದವೆಂದು ಗುರುತಿಸಲಾಗಿದೆ. 2017ರ ಜನವರಿಯಿಂದ ಬೀಟೆಯ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೊಳಪಟ್ಟಿತು. ಸಿದ್ಧಗೊಂಡ ವಾದ್ಯಗಳಿಗೆ 2019ರ ನವೆಂಬರಿನಲ್ಲಿ ವಿನಾಯಿತಿ ದೊರೆಯಿತು. ಆದ್ದರಿಂದ ಬೀಟೆಯ ಗಿಟಾರನ್ನು ಕೊಳ್ಳುವುದು ತಪ್ಪಲ್ಲದಿದ್ದರೂ ಬೀಟೆ ಇದ್ದರೆ ಮಾತ್ರ ಶ್ರೇಷ್ಠವೆಂಬ ಹಟ ಬೇಡ. ಮಹಾಗನಿ ಮೊದಲಾದ ಮರಗಳಿಂದಲೂ ಸೊಗಸಾದ ವಾದ್ಯಗಳಾಗುತ್ತವೆ. ತೋರೆಸನ ರಟ್ಟಿನ ಗಿಟಾರನ್ನು ಇಲ್ಲಿ ಮತ್ತೆ ನೆನೆಯಬಹುದು.

ಕೊಳ್ಳುವ ಮುನ್ನ

ಮೊದಲನೆಯದಾಗಿ, ಮನೆಯ ಅಟ್ಟದಲ್ಲಿ ಹಳೆಯ ಗಿಟಾರಿದ್ದರೆ ಅದನ್ನು ಇಳಿಸಿ ನೋಡಬೇಕು. ದಂಡಿ ಬಾಗಿಲ್ಲದಿದ್ದರೆ, ವೀಣೆಯಲ್ಲಿ ಕುದುರೆ ಎನ್ನುವ ಭಾಗ ಹಲಗೆಯಿಂದ ಎದ್ದಿಲ್ಲದಿದ್ದರೆ, ಬಿರುಕು ಬಿಟ್ಟಿಲ್ಲದಿದ್ದರೆ, ಹೊಸ ತಂತಿಗಳನ್ನು ಹಾಕಿಸಿ ಕೆಲವು ತಿಂಗಳು ಅದರಲ್ಲಿಯೇ ಅಭ್ಯಾಸ ಮಾಡಬಹುದು.

ಎರಡನೆಯದು ತಂತಿಯ ಆಯ್ಕೆ. ನೈಲಾನ್ ತಂತಿಗಳು ಆರೂ ಸೇರಿ ಸುಮಾರು 40 ಕಿಲೋ ಸೆಳೆತ ಉಂಟುಮಾಡಿದರೆ, ತೆಳುವಾದ ಉಕ್ಕಿನ ತಂತಿಗಳು 70 ಕಿಲೋ ದಾಟುತ್ತವೆ. ನೈಲಾನ್ ಬೆರಳಿಗೆ ಮೃದು, ಆದರೆ ಅದರ ದಂಡಿ ಅಗಲ: ಮೇಲ್ತುದಿಯಲ್ಲಿ ಸುಮಾರು 52 ಮಿ.ಮೀ. ಉಕ್ಕಿನ ತಂತಿಯ ಗಿಟಾರಿನಲ್ಲಿ ಅದು ಸುಮಾರು 43 ಮಿ.ಮೀ. ನೈಲಾನಿಗೆಂದು ಮಾಡಿದ ವಾದ್ಯಕ್ಕೆ ಉಕ್ಕಿನ ತಂತಿ ಹಾಕಿದರೆ ಕುದುರೆ ಕಿತ್ತುಬರುವ ಅಪಾಯವಿದೆ. ಬಿಟ್ಟು ಹಿಡಿದವರ ಬೆರಳ ತುದಿ ಮತ್ತೆ ಗಟ್ಟಿಯಾಗಲು ಕೆಲವು ವಾರ ಬೇಕು. ದಿನಕ್ಕೆ ಹದಿನೈದು ನಿಮಿಷದ ಅಭ್ಯಾಸವು ಭಾನುವಾರದ ಎರಡು ಗಂಟೆಗಿಂತ ಮೇಲು.

ಮೂರನೆಯದು ಮೇಲುಹಲಗೆ. ಸ್ಪ್ರೂಸ್ ಅಥವಾ ಸೀಡರ್ ಮರದ ಇಡಿಯ ಹಲಗೆಗೂ ಪ್ಲೈವುಡ್ಡಿಗೂ ನಾದದಲ್ಲಿ ಬಹಳ ಅಂತರ. ನಡುವಿನ ದುಂಡು ರಂಧ್ರದ ಅಂಚನ್ನು ನೋಡಿದರೆ, ಮೇಲಿನ ಮರದ ಎಳೆಗಳು ಅಂಚಿನ ದಪ್ಪದಲ್ಲಿಯೂ ಮುಂದುವರಿದಿದ್ದರೆ ಅದು ಇಡಿಯ ಹಲಗೆ. ಪದರ ಪದರವಾಗಿ ಕಂಡರೆ ಪ್ಲೈವುಡ್. ಹಣ ಮಿತವಾಗಿದ್ದರೆ ಅದನ್ನು ಇಡಿಯ ಮೇಲುಹಲಗೆಗೆ ವ್ಯಯಿಸಿ, ಅಲಂಕಾರವನ್ನು ಬಿಟ್ಟುಬಿಡಬಹುದು.

ನಾಲ್ಕನೆಯದು ತಂತಿಯ ಎತ್ತರ. ಬಿಟ್ಟು ಹೋದವರು ಮತ್ತೆ ಸೋತು ಕೈಬಿಡಲು ಹಲವೊಮ್ಮೆ ಇದೇ ಕಾರಣ. ವೀಣೆಯ ಮೆಟ್ಟುಗಳಂತಿರುವ ಫ್ರೆಟ್ಟುಗಳಲ್ಲಿ ಹನ್ನೆರಡನೆಯದರ ಮೇಲೆ ಉಕ್ಕಿನ ತಂತಿಯು ಸುಮಾರು 2ರಿಂದ 2.5 ಮಿ.ಮೀ., ನೈಲಾನ್ 3ರಿಂದ 4 ಮಿ.ಮೀ. ಎತ್ತರದಲ್ಲಿದ್ದರೆ ಒತ್ತುವುದು ಸುಲಭ. ಹೆಚ್ಚಿದ್ದರೆ ತಿಳಿದ ಕುಶಲಕರ್ಮಿಯಿಂದ ಸರಿಮಾಡಿಸಬಹುದು. ಅದೇ ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿದ ಸ್ವರವು ಬಿಟ್ಟ ತಂತಿಯ ಮೇಲಿನ ಷಡ್ಜವಾಗಿ ನಿಖರವಾಗಿ ಕೇಳಿಸಬೇಕು. ಇಲ್ಲದಿದ್ದರೆ ಎಷ್ಟು ಬಿರಡೆ ತಿರುಗಿಸಿದರೂ ವಾದ್ಯ ಶ್ರುತಿಗೆ ನಿಲ್ಲದು.

ಐದನೆಯದು ಗಾತ್ರ. ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಅಗಲ ಸೊಂಟದ ದೊಡ್ಡ ಗಿಟಾರಿಗೆ ‘ಡ್ರೆಡ್‌ನಾಟ್’ ಎಂದು ಹೆಸರು. 1916ರಲ್ಲಿ ಅದನ್ನು ರೂಪಿಸಿದಾಗ ಬ್ರಿಟನ್ನಿನ ಯುದ್ಧನೌಕೆಯೊಂದರ ಹೆಸರನ್ನು ಅದಕ್ಕಿಟ್ಟರು. ದೊಡ್ಡ ಸಭಾಂಗಣಕ್ಕೆ ಅದರ ಗಂಭೀರ ದನಿ ಸೊಗಸು. ಆದರೆ ಹಜಾರದಲ್ಲಿ ಹತ್ತು ಮಂದಿ ಕುಳಿತು ಪ್ರಾರ್ಥಿಸುವಾಗ ಸಣ್ಣ ಒಡಲಿನ ಗಿಟಾರೇ ಹಿತ. ವಯಸ್ಸಾದ ಹೆಗಲಿಗೂ ಅದು ಹೊರೆಯಲ್ಲ. ಮೋರ್ ಅವರ ವಾದ್ಯವೂ ಸಣ್ಣದೇ.

ಕೊಂಡ ಮೇಲೆ ಕಾಪಾಡುವುದೂ ಮುಖ್ಯ. ಗಾಳಿಯ ತೇವಾಂಶ ಶೇಕಡಾ 45ರಿಂದ 55ರಷ್ಟಿದ್ದರೆ ಮರಕ್ಕೆ ಒಳ್ಳೆಯದು. ಬೆಂಗಳೂರಿನ ಮಾರ್ಚ್ ತಿಂಗಳ ಒಣಹವೆಗೆ ಮೇಲುಹಲಗೆ ಸೀಳಬಹುದು, ಮಳೆಗಾಲದಲ್ಲಿ ಉಬ್ಬಬಹುದು. ಗೋಡೆಗೆ ತೂಗುಹಾಕದೆ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡದೆ, ಪೆಟ್ಟಿಗೆಯಲ್ಲಿಟ್ಟರೆ ಅದು ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಕೊನೆಯ ಪರೀಕ್ಷೆಗೆ ಒಬ್ಬರೇ ಹೋಗಬಾರದು. ಗಾನವೃಂದದ ಇಬ್ಬರನ್ನು ಜೊತೆಗೆ ಕರೆದೊಯ್ದು, ಎಲ್ಲರಿಗೂ ಬರುವ ಒಂದು ಕನ್ನಡ ಗೀತೆಯನ್ನು ಅಲ್ಲಿಯೇ ಹಾಡಿಸಿ, ಅವರ ಶ್ರುತಿಗೆ ನುಡಿಸಿ ನೋಡಬೇಕು. ರಾಗಪ್ರಧಾನವಾದ ಹಾಡಾದರೆ ಸ್ವರಮೇಳಗಳನ್ನು ಮಿತವಾಗಿ ಬಳಸಬೇಕು. ಇನ್ನೊಬ್ಬರು ನಾಲ್ಕು ಹೆಜ್ಜೆ ದೂರ ನಿಂತು ಕೇಳಲಿ. ಹಾಡಿನ ಪ್ರತಿಯೊಂದು ಮಾತೂ ಅವರಿಗೆ ಸ್ಪಷ್ಟವಾಗಿ ತಲುಪುತ್ತಿದ್ದರೆ, ಹಾಡುವವರಿಗೆ ಇನ್ನೊಂದು ಚರಣ ಹಾಡಬೇಕೆನಿಸುತ್ತಿದ್ದರೆ, ಬೆಲೆ ಕೈಗೆಟುಕುವಂತಿದ್ದರೆ, ಆ ಗಿಟಾರನ್ನು ಮನೆಗೆ ತರಬಹುದು.