ಕಚೇರಿ ಇಮೇಲ್ ನಿರ್ವಹಣೆ

ಕಚೇರಿ ಇಮೇಲ್ ನಿರ್ವಹಣೆ ಎಂದರೆ ಉದ್ಯೋಗಕ್ಕೆ ಸಂಬಂಧಿಸಿದ ಇಮೇಲ್ ಸಂದೇಶಗಳನ್ನು ವಿಂಗಡಿಸುವುದು, ಅವುಗಳಿಗೆ ಉತ್ತರಿಸುವುದು, ಅಗತ್ಯವಾದವನ್ನು ಕಾಪಿಡುವುದು ಮತ್ತು ಬೇಕಾದಾಗ ಹುಡುಕಿ ತೆಗೆಯುವುದು. ಕನ್ನಡದಲ್ಲಿ ಇಮೇಲ್ ಅನ್ನು ಮಿಂಚಂಚೆ ಎಂದೂ ಕರೆಯುತ್ತಾರೆ. ಫೋಲ್ಡರ್, ಲೇಬಲ್, ಫಿಲ್ಟರ್ ಮತ್ತು ಹುಡುಕಾಟ ಈ ನಿರ್ವಹಣೆಯ ಮುಖ್ಯ ಸಾಧನಗಳು. ಕೆಲಸಕ್ಕೆ ಅಡ್ಡಿಯಾಗದಂತೆ, ಆದರೆ ಅಗತ್ಯವಾದ ಯಾವ ಸಂದೇಶವೂ ಕಣ್ತಪ್ಪದಂತೆ ನೋಡಿಕೊಳ್ಳುವುದು ಇದರ ಉದ್ದೇಶ.

ಇತಿಹಾಸ

1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಅರ್ಪಾನೆಟ್ ಜಾಲದ ಮೂಲಕ ಒಂದು ಗಣಕಯಂತ್ರದಿಂದ ಮತ್ತೊಂದಕ್ಕೆ ಇಮೇಲ್ ಕಳುಹಿಸಿದರು. ಮರುವರ್ಷವೇ, ಅಂದರೆ 1972ರಲ್ಲಿ, ಲಾರಿ ರಾಬರ್ಟ್ಸ್ ಸಂದೇಶಗಳನ್ನು ಪಟ್ಟಿ ಮಾಡುವ, ಆಯ್ದು ಓದುವ, ಕಡತಕ್ಕೆ ಸೇರಿಸುವ ಮತ್ತು ಉತ್ತರಿಸುವ ತಂತ್ರಾಂಶವೊಂದನ್ನು ಬರೆದರು. 1986ರಲ್ಲಿ ಮಾರ್ಕ್ ಕ್ರಿಸ್ಪಿನ್ ವಿನ್ಯಾಸಗೊಳಿಸಿದ ಐಮ್ಯಾಪ್ ನಿಯಮಾವಳಿಯಿಂದ ಫೋಲ್ಡರ್‌ಗಳನ್ನು ಸರ್ವರ್‌ನಲ್ಲಿಯೇ ಇರಿಸುವುದು ಸಾಧ್ಯವಾಯಿತು. ಇದರಿಂದ ಬೇರೆ ಬೇರೆ ಸಾಧನಗಳಲ್ಲಿ ಒಂದೇ ವಿಂಗಡಣೆಯನ್ನು ಕಾಣಬಹುದು.

ಸ್ಟೀವ್ ವಿಟೇಕರ್ ಮತ್ತು ಕ್ಯಾಂಡೇಸ್ ಸಿಡ್ನರ್ 1996ರಲ್ಲಿ ಪ್ರಕಟಿಸಿದ ಅಧ್ಯಯನವು ‘ಇಮೇಲ್ ಹೊರೆ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟಿತು. ಸಂದೇಶ ರವಾನೆಗೆಂದು ರೂಪುಗೊಂಡ ಇಮೇಲ್, ಮಾಡಬೇಕಾದ ಕೆಲಸಗಳ ಪಟ್ಟಿಯಾಗಿಯೂ ದಾಖಲೆಗಳ ಸಂಗ್ರಹವಾಗಿಯೂ ಬಳಕೆಯಾಗುತ್ತಿದೆ ಎಂಬುದು ಅವರ ಮುಖ್ಯ ನಿರೂಪಣೆ.

ವಿಂಗಡಣೆಯ ಸಾಧನಗಳು

ಸಾಂಪ್ರದಾಯಿಕ ಫೋಲ್ಡರ್ ವ್ಯವಸ್ಥೆಯಲ್ಲಿ ಒಂದು ಸಂದೇಶ ಒಂದು ಕಡೆ ಮಾತ್ರ ಇರುತ್ತದೆ. 2004ರ ಏಪ್ರಿಲ್ 1ರಂದು ಆರಂಭವಾದ ಜಿಮೇಲ್, ಫೋಲ್ಡರ್‌ಗಳ ಬದಲು ಲೇಬಲ್‌ಗಳನ್ನು ಬಳಸಿತು. ಒಂದೇ ಸಂದೇಶಕ್ಕೆ ‘ಲೆಕ್ಕಪತ್ರ’ ಮತ್ತು ‘ತುರ್ತು’ ಎಂಬ ಎರಡೂ ಲೇಬಲ್‌ಗಳನ್ನು ಅಂಟಿಸಬಹುದು.

ಫಿಲ್ಟರ್ ಅಥವಾ ನಿಯಮ ಎಂಬುದು ಕಳುಹಿಸಿದವರ ವಿಳಾಸ, ವಿಷಯದ ಸಾಲು ಮುಂತಾದವನ್ನು ಆಧರಿಸಿ, ಬಂದ ಸಂದೇಶವನ್ನು ತಾನಾಗಿಯೇ ನಿಗದಿತ ಸ್ಥಳಕ್ಕೆ ಸೇರಿಸುವ ವ್ಯವಸ್ಥೆ. ಇಂತಹ ನಿಯಮಗಳನ್ನು ಬರೆಯಲು 2001ರಲ್ಲಿ ‘ಸೀವ್’ ಎಂಬ ಭಾಷೆಯನ್ನು ಅಂತರಜಾಲದ ಮಾನಕವಾಗಿ ಪ್ರಕಟಿಸಲಾಯಿತು. ಈ ಹೆಸರಿಗೆ ಜರಡಿ ಎಂದರ್ಥ. ಸರ್ವರ್‌ನಲ್ಲಿರುವ ನಿಯಮಗಳು ಸದಾ ಕೆಲಸ ಮಾಡುತ್ತವೆ. ಬಳಕೆದಾರರ ಗಣಕಯಂತ್ರದಲ್ಲಿರುವ ನಿಯಮಗಳು ಅಲ್ಲಿನ ತಂತ್ರಾಂಶ ತೆರೆದಿದ್ದಾಗ ಮಾತ್ರ ಜಾರಿಗೆ ಬರುತ್ತವೆ.

ಫೋಲ್ಡರ್ ಮತ್ತು ಹುಡುಕಾಟ

ಹೆಚ್ಚು ಫೋಲ್ಡರ್‌ಗಳಿದ್ದರೆ ಸಂದೇಶಗಳು ಬೇಗ ಸಿಗುತ್ತವೆ ಎಂಬುದು ಸಾಮಾನ್ಯ ನಂಬಿಕೆ. ವಿಟೇಕರ್ ಮತ್ತು ಐಬಿಎಂ ಸಂಶೋಧಕರು 345 ಬಳಕೆದಾರರ 85,000ಕ್ಕೂ ಹೆಚ್ಚು ಹುಡುಕಾಟದ ಕ್ರಿಯೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸಮರ್ಥಿಸಲಿಲ್ಲ. ಸಂಕೀರ್ಣ ಫೋಲ್ಡರ್‌ಗಳನ್ನು ರಚಿಸಿಕೊಂಡವರು ಸಂದೇಶವನ್ನು ಹುಡುಕುವುದರಲ್ಲಿ ಹೆಚ್ಚು ಯಶಸ್ವಿಯಾಗಲಿಲ್ಲ. ಪದ ಬಳಸಿ ಹುಡುಕುವುದು ಮತ್ತು ಒಂದೇ ವಿಷಯದ ಸಂದೇಶಗಳನ್ನು ಸರಣಿಯಾಗಿ ಜೋಡಿಸುವುದು ಹೆಚ್ಚು ಪರಿಣಾಮಕಾರಿ ಎಂದು ಕಂಡುಬಂದಿತು. ಆದ್ದರಿಂದ ಸ್ಪಷ್ಟವಾದ ವಿಷಯದ ಸಾಲು ಬರೆಯುವುದು, ವಿಷಯ ಬದಲಾದಾಗ ಹೊಸ ಸಂದೇಶ ಆರಂಭಿಸುವುದು ವಿಂಗಡಣೆಯಷ್ಟೇ ಉಪಯುಕ್ತ.

ಪ್ರಚಲಿತ ವಿಧಾನಗಳು

* ಎರಡು ನಿಮಿಷದ ನಿಯಮ: ಎರಡು ನಿಮಿಷಗಳೊಳಗೆ ಮುಗಿಯುವ ಕೆಲಸವನ್ನು ಆಗಲೇ ಮುಗಿಸಬೇಕು ಎಂಬ ಈ ನಿಯಮವು ಡೇವಿಡ್ ಅಲನ್ ಅವರ 2001ರ ಪುಸ್ತಕದಿಂದ ಪ್ರಚಾರಕ್ಕೆ ಬಂದಿತು.
* ಇನ್‌ಬಾಕ್ಸ್ ಜೀರೋ: ಮರ್ಲಿನ್ ಮ್ಯಾನ್ ರೂಪಿಸಿದ ಈ ವಿಧಾನದಲ್ಲಿ ಪ್ರತಿ ಸಂದೇಶವನ್ನೂ ಅಳಿಸುವುದು, ಬೇರೆಯವರಿಗೆ ವಹಿಸುವುದು, ಉತ್ತರಿಸುವುದು, ಮುಂದೂಡುವುದು ಅಥವಾ ಕಾರ್ಯಗತಗೊಳಿಸುವುದು ಎಂಬ ಐದರಲ್ಲಿ ಒಂದಕ್ಕೆ ಒಳಪಡಿಸಲಾಗುತ್ತದೆ. ಇಲ್ಲಿ ‘ಸೊನ್ನೆ’ ಎಂಬುದು ಸಂದೇಶಗಳ ಸಂಖ್ಯೆಯನ್ನಲ್ಲ, ಇನ್‌ಬಾಕ್ಸ್‌ನಲ್ಲಿ ಮನಸ್ಸು ಕಳೆಯುವ ಸಮಯವನ್ನು ಸೂಚಿಸುತ್ತದೆ.
* ನಿಗದಿತ ಸಮಯ: ಕೋಸ್ತಾದಿನ್ ಕುಶ್ಲೆವ್ ಮತ್ತು ಎಲಿಜಬೆತ್ ಡನ್ 124 ವಯಸ್ಕರ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಿನಕ್ಕೆ ಮೂರು ಬಾರಿ ಮಾತ್ರ ಇಮೇಲ್ ನೋಡಿದ ವಾರದಲ್ಲಿ ಮಾನಸಿಕ ಒತ್ತಡ ಕಡಿಮೆಯಾಗಿತ್ತು.

ಕನ್ನಡದ ಸಂದೇಶಗಳು

ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೆ ಅಂಟಿಕೊಳ್ಳುತ್ತವೆ. ಪೂರ್ಣ ಪದವನ್ನೇ ಹೋಲಿಸುವ ಫಿಲ್ಟರ್‌ನಲ್ಲಿ ‘ಸಭೆ’ ಎಂದು ನಮೂದಿಸಿದರೆ, ‘ಸಭೆಗೆ’ ಅಥವಾ ‘ಸಭೆಯಲ್ಲಿ’ ಎಂಬ ಪದವಿರುವ ಸಂದೇಶ ತಪ್ಪಿಹೋಗಬಹುದು. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಬರೆದ ಪಠ್ಯವು ಯೂನಿಕೋಡ್‌ನಲ್ಲಿ ಮಾಡುವ ಹುಡುಕಾಟಕ್ಕೆ ಸಿಗುವುದಿಲ್ಲ. ಇಂತಹ ಸಂದರ್ಭಗಳಲ್ಲಿ ಪದಕ್ಕಿಂತ ಕಳುಹಿಸಿದವರ ವಿಳಾಸವನ್ನು ಆಧರಿಸಿದ ನಿಯಮ ಹೆಚ್ಚು ನಂಬಲರ್ಹ.

ಮಿತಿಗಳು ಮತ್ತು ಎಚ್ಚರಿಕೆಗಳು

ಫಿಲ್ಟರ್‌ಗಳು ಸಂದೇಶದ ಮಹತ್ವವನ್ನು ಅರಿಯವು. ಕೊಟ್ಟ ಷರತ್ತನ್ನು ಮಾತ್ರ ಪಾಲಿಸುತ್ತವೆ. ಓದದೆಯೇ ಬೇರೆ ಫೋಲ್ಡರ್‌ಗೆ ಹೋಗುವಂತೆ ಮಾಡಿದ ಸಂದೇಶಗಳಲ್ಲಿ ಗಡುವು ಅಥವಾ ದೂರು ಅಡಗಿರಬಹುದು. ಅಲ್ಲದೆ, ಖಾತೆಗೆ ನುಸುಳಿದ ವಂಚಕರು ಹಣಕಾಸಿನ ಸಂದೇಶಗಳನ್ನು ಮರೆಮಾಡಲು ಅಥವಾ ತಮ್ಮ ವಿಳಾಸಕ್ಕೆ ರವಾನಿಸಿಕೊಳ್ಳಲು ಇದೇ ನಿಯಮಗಳನ್ನು ಬಳಸುವುದುಂಟು. ತಾನು ರಚಿಸದ ನಿಯಮವೊಂದು ಖಾತೆಯಲ್ಲಿ ಕಂಡುಬಂದರೆ ಅದನ್ನು ನುಸುಳುವಿಕೆಯ ಲಕ್ಷಣವೆಂದು ಪರಿಗಣಿಸಬೇಕಾಗುತ್ತದೆ. ಈ ಕಾರಣದಿಂದ ನಿಯಮಗಳ ಪಟ್ಟಿಯನ್ನು ಆಗಾಗ ಪರಿಶೀಲಿಸುವುದು ಅಗತ್ಯ.

ಸಂದೇಶಗಳನ್ನು ಅಳಿಸುವುದಕ್ಕೂ ಮಿತಿಯಿದೆ. ಭಾರತದ ಮಾಹಿತಿ ಹಕ್ಕು ಅಧಿನಿಯಮ, 2005ರ 2(ಎಫ್) ಪ್ರಕರಣವು ‘ಮಾಹಿತಿ’ ಎಂಬ ಪದದ ವ್ಯಾಖ್ಯೆಯಲ್ಲಿ ಇಮೇಲ್‌ಗಳನ್ನೂ ಸೇರಿಸಿದೆ. ಸಾರ್ವಜನಿಕ ಪ್ರಾಧಿಕಾರಗಳಲ್ಲಿ ಇಮೇಲ್ ಕೇವಲ ನೌಕರರ ಸ್ವಂತ ಪತ್ರವ್ಯವಹಾರವಲ್ಲ. ನಾಗರಿಕರು ಕೇಳಿ ಪಡೆಯಬಹುದಾದ ದಾಖಲೆಯೂ ಆಗಬಹುದು. ಆದ್ದರಿಂದ ಇನ್‌ಬಾಕ್ಸ್ ತೆರವುಗೊಳಿಸುವಾಗ ಅಳಿಸುವುದಕ್ಕೂ ಸಂಗ್ರಹಕ್ಕೆ ಸರಿಸುವುದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕಾಗುತ್ತದೆ: ಸಂಗ್ರಹಕ್ಕೆ ಸರಿಸಿದ ಸಂದೇಶ ಇನ್‌ಬಾಕ್ಸ್‌ನಿಂದ ಮರೆಯಾದರೂ ಹುಡುಕಿದಾಗ ದೊರೆಯುತ್ತದೆ.